ಗೊಬ್ಬರದ ಚೀಲದ ಮೇಲೆ ಏನಿರಬೇಕು, ಏನಿರಬಾರದು? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಶುರುವಾಯಿತೆಂದರೆ ಗೊಬ್ಬರದಂಗಡಿ ಮುಂದೆ ಸಾಲು. ಸಿಕ್ಕಿದರೆ ಸಾಕು ಅನ್ನುವ ಅವಸರದಲ್ಲಿ ಚೀಲ ತಿರುಗಿಸಿ ಓದುವವರು ಕಡಿಮೆ. ಆದರೆ ಗೊಬ್ಬರ, ಜೀವಾಣು ಪ್ಯಾಕೆಟ್, ಹ್ಯೂಮಿಕ್ ಆಸಿಡ್ ಬಾಟಲಿ, ಎರೆಗೊಬ್ಬರದ ಮೂಟೆ ಯಾವುದೇ ಇರಲಿ, ಮುಂದೆ ತೊಂದರೆಯಾದರೆ ರೈತನ ಕೈಯಲ್ಲಿ ಉಳಿಯುವುದು ಎರಡೇ: ಲೇಬಲ್ ಮತ್ತು ಬಿಲ್ಲು. ಹೊಲದವರು, ತೋಟದವರು, ತಾರಸಿಯಲ್ಲಿ ಗಿಡ ಬೆಳೆಸುವವರು ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಮಣ್ಣಿಗೆ, ಗಿಡಕ್ಕೆ ಹಾಕುವ ಎಲ್ಲದಕ್ಕೂ ಒಂದೇ ಕಾನೂನಾ?

ಅಲ್ಲ. ಎಲ್ಲಾ ಗೊಂದಲ ಶುರುವಾಗುವುದೇ ಇಲ್ಲಿಂದ. ನಮ್ಮ ದೇಶದಲ್ಲಿ ಮೂರು ಕಾನೂನು ನೆನಪಿಟ್ಟುಕೊಂಡರೆ ಸಾಕು.

ಮೊದಲನೆಯದು 1985ರ ರಸಗೊಬ್ಬರ ನಿಯಂತ್ರಣ ಆದೇಶ. ಅಧಿಕಾರಿಗಳು, ಅಂಗಡಿಯವರು ಇದನ್ನು ಎಫ್‌ಸಿಓ ಅನ್ನುತ್ತಾರೆ. ಇದು 1955ರ ಅಗತ್ಯ ವಸ್ತುಗಳ ಕಾಯ್ದೆಯ ಕೆಳಗೆ ಬಂದ ಆದೇಶ. ಮೊದಲು ಇದರಲ್ಲಿ ರಾಸಾಯನಿಕ ಗೊಬ್ಬರ ಮಾತ್ರ ಇತ್ತು. 2006ರಲ್ಲಿ ಜೀವಾಣು ಗೊಬ್ಬರ, ಸಾವಯವ ಗೊಬ್ಬರ ಸೇರಿದವು. 2021ರ ಫೆಬ್ರವರಿಯಲ್ಲಿ ಗಿಡದ ಶಕ್ತಿ ಹೆಚ್ಚಿಸುವ ಹ್ಯೂಮಿಕ್ ಆಸಿಡ್‌ನಂಥ ಬಯೋಸ್ಟಿಮ್ಯುಲೆಂಟ್‌ಗಳೂ ಬಂದವು.

ಎರಡನೆಯದು 1968ರ ಕೀಟನಾಶಕ ಕಾಯ್ದೆ. ಹುಳ, ರೋಗ, ಕಳೆ ಕೊಲ್ಲುವ ಔಷಧಗಳು ಇದರಡಿ ಬರುತ್ತವೆ. ಬೆಳವಣಿಗೆ ನಿಯಂತ್ರಕಗಳೂ ಇದರಲ್ಲೇ ಇವೆ. ದ್ರಾಕ್ಷಿಗೆ ಬಳಸುವ ಜಿಬ್ಬೆರೆಲಿಕ್ ಆಸಿಡ್, ಮಾವಿನ ಬುಡಕ್ಕೆ ಹಾಕುವ ಪ್ಯಾಕ್ಲೋಬ್ಯುಟ್ರಜಾಲ್ ಇದಕ್ಕೆ ಉದಾಹರಣೆ.

ಮೂರನೆಯದು 2011ರ ಪೊಟ್ಟಣ ಸಾಮಗ್ರಿಗಳ ನಿಯಮ. ಕಾನೂನು ಮಾಪನಶಾಸ್ತ್ರ ಇಲಾಖೆ, ಅಂದರೆ ತೂಕ ಅಳತೆಯವರು ಇದನ್ನು ನೋಡಿಕೊಳ್ಳುತ್ತಾರೆ. ಪ್ಯಾಕ್ ಮಾಡಿ ಮಾರುವ ಹೆಚ್ಚುಕಡಿಮೆ ಎಲ್ಲ ವಸ್ತುವಿಗೂ ಇದು ಅನ್ವಯಿಸುತ್ತದೆ.

ಹಾಗಾಗಿ ಪ್ಯಾಕೆಟ್ ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದು ಯಾವ ಕಾನೂನಿನ ಕೆಳಗಿನ ಮಾಲು? ಗೊಬ್ಬರವೂ ಅಲ್ಲ, ಔಷಧವೂ ಅಲ್ಲ, ಆದರೆ ಇಳುವರಿ ಡಬಲ್ ಮಾಡುತ್ತದೆ ಎಂದು ಹೇಳಿಕೊಳ್ಳುವ ಬಾಟಲಿಗಳೇ ರೈತರ ದುಡ್ಡು ತಿನ್ನುವುದು.

ರಸಗೊಬ್ಬರದ ಚೀಲದ ಮೇಲೆ ಏನೇನು ಇರಲೇಬೇಕು?

ಎದ್ದು ಕಾಣುವಂತೆ "ಫರ್ಟಿಲೈಸರ್" ಎಂಬ ಪದ ಇರಬೇಕು. ಗೊಬ್ಬರದ ಹೆಸರು, ಅದರಲ್ಲಿರುವ ಪೋಷಕಾಂಶಗಳ ಶೇಕಡಾವಾರು ಪ್ರಮಾಣ, ತಯಾರಕರು ಅಥವಾ ಆಮದು ಮಾಡಿದವರ ಹೆಸರು ವಿಳಾಸ, ನಿವ್ವಳ ತೂಕ, ಬ್ಯಾಚ್ ನಂಬರ್, ತಯಾರಾದ ತಿಂಗಳು ಮತ್ತು ವರ್ಷ, ಎಂಆರ್‌ಪಿ, ಗ್ರಾಹಕರು ಸಂಪರ್ಕಿಸಬೇಕಾದ ಫೋನ್ ಅಥವಾ ವಿಳಾಸ ಇರಬೇಕು.

ಎಫ್‌ಸಿಓದ 21ನೇ ಕಲಂ ಇನ್ನೊಂದು ಮಾತು ಹೇಳುತ್ತದೆ. ಅದು ತುಂಬ ಜನಕ್ಕೆ ಗೊತ್ತಿಲ್ಲ. ನಿಗದಿ ಮಾಡಿದ ವಿವರಗಳು ಮಾತ್ರ ಚೀಲದ ಮೇಲಿರಬೇಕು, ಬೇರೆ ಕಾನೂನು ಕೇಳದ ಹೊರತು ಇನ್ನೇನೂ ಇರಬಾರದು. ಅಂದರೆ "ಚಮತ್ಕಾರಿ", "ನೂರಕ್ಕೆ ನೂರು ಗ್ಯಾರಂಟಿ" ಅಂತೆಲ್ಲ ಬರೆಯಲು ಅಲ್ಲಿ ಜಾಗವೇ ಇಲ್ಲ.

ಹೊಲಿಗೆಯನ್ನೂ ನೋಡಿ. ಮುಚ್ಚಿದ್ದನ್ನು ಬಿಚ್ಚಿದರೆ ಗುರುತು ಕಾಣಲೇಬೇಕು ಎಂಬುದು ನಿಯಮ. ಮಿಷನ್ ಹೊಲಿಗೆ ಒಂದೇ ಸಮ ಇರುತ್ತದೆ. ನಡುವೆ ನೂಲಿನ ಬಣ್ಣ ಬದಲಾಗಿದ್ದರೆ, ಹಳೆಯ ತೂತುಗಳ ಪಕ್ಕ ಹೊಸ ತೂತುಗಳಿದ್ದರೆ ಆ ಚೀಲ ಬೇಡ.

10:26:26 ಅಂದ್ರೆ ಏನು? ಅದನ್ನು ನನ್ನ ಹೊಲದ ಲೆಕ್ಕಕ್ಕೆ ತರುವುದು ಹೇಗೆ?

ಮೊದಲ ಅಂಕಿ ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ನೂರು ಕಿಲೋ ಗೊಬ್ಬರದಲ್ಲಿ ಇಷ್ಟಿಷ್ಟು ಕಿಲೋ ಎಂದರ್ಥ. 20:20:0:13 ಎಂದು ನಾಲ್ಕು ಅಂಕಿ ಇದ್ದರೆ ಕೊನೆಯ 13 ಗಂಧಕ.

ಡಿಎಪಿ ತೆಗೆದುಕೊಳ್ಳಿ. ಅದು 18:46:0. ಐವತ್ತು ಕಿಲೋ ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ. ಯೂರಿಯಾದಲ್ಲಿ ಸಾರಜನಕ ಶೇ 46. 45 ಕಿಲೋ ಚೀಲಕ್ಕೆ 20.7 ಕಿಲೋ ಬಂತು. ಚೀಲಕ್ಕೆ 266 ರೂಪಾಯಿ 50 ಪೈಸೆ ಕೊಟ್ಟರೆ ಒಂದು ಕಿಲೋ ಸಾರಜನಕಕ್ಕೆ ಸುಮಾರು 13 ರೂಪಾಯಿ ಬೀಳುತ್ತದೆ. ಯಾವ ಹೊಸ ಗೊಬ್ಬರ ಬಂದರೂ ಈ ಲೆಕ್ಕ ಮಾಡಿ ನೋಡಿ. ಚೀಲಕ್ಕೆ ಎಷ್ಟು ಅನ್ನುವುದಕ್ಕಿಂತ ಒಂದು ಕಿಲೋ ಪೋಷಕಾಂಶಕ್ಕೆ ಎಷ್ಟು ಅನ್ನುವುದು ಮುಖ್ಯ.

ಒಂದು ಸೂಕ್ಷ್ಮ ಇದೆ. ಲೇಬಲ್ ಮೇಲಿನ ರಂಜಕ ಮತ್ತು ಪೊಟ್ಯಾಷ್ ಆಕ್ಸೈಡ್ ಲೆಕ್ಕದಲ್ಲಿರುತ್ತವೆ. ಶುದ್ಧ ರಂಜಕ ಬೇಕಿದ್ದರೆ ಆ ಅಂಕಿಯನ್ನು 0.44ರಿಂದ, ಪೊಟ್ಯಾಷಿಯಂ ಬೇಕಿದ್ದರೆ 0.83ರಿಂದ ಗುಣಿಸಬೇಕು. ಕೃಷಿ ವಿಶ್ವವಿದ್ಯಾಲಯಗಳ ಶಿಫಾರಸೂ ಆಕ್ಸೈಡ್ ಲೆಕ್ಕದಲ್ಲೇ ಇರುವುದರಿಂದ ಹೊಲದಲ್ಲಿ ಇದರ ಗೊಡವೆ ಬರುವುದಿಲ್ಲ.

ಎಲ್ಲ ಕಂಪನಿಯ ಚೀಲದ ಮೇಲೂ "ಭಾರತ್" ಎಂದೇ ಇದೆ. ಯಾವುದು ಅಸಲಿ?

ಎಲ್ಲವೂ ಅಸಲಿ ಇರಬಹುದು. 2022ರ ಅಕ್ಟೋಬರ್‌ನಿಂದ ಸಬ್ಸಿಡಿ ಇರುವ ಗೊಬ್ಬರಗಳೆಲ್ಲ ಭಾರತ್ ಯೂರಿಯಾ, ಭಾರತ್ ಡಿಎಪಿ, ಭಾರತ್ ಎಂಓಪಿ (ಪೊಟ್ಯಾಷ್ ಗೊಬ್ಬರ), ಭಾರತ್ ಎನ್‌ಪಿಕೆ ಎಂಬ ಒಂದೇ ಹೆಸರಲ್ಲಿ ಬರುತ್ತಿವೆ. ಚೀಲದ ಮೂರನೇ ಎರಡು ಭಾಗ ಈ ಹೆಸರಿಗೆ ಮತ್ತು ಕೇಂದ್ರ ಸರ್ಕಾರದ ಗೊಬ್ಬರ ಸಬ್ಸಿಡಿ ಯೋಜನೆಯ ಗುರುತಿಗೆ ಮೀಸಲು. ಉಳಿದ ಮೂರನೇ ಒಂದು ಭಾಗದಲ್ಲಿ ಕಂಪನಿಯ ಹೆಸರು ಮತ್ತು ಇತರ ವಿವರ ಇರುತ್ತವೆ. ನೀವು ಓದಬೇಕಾದದ್ದು ಆ ಚಿಕ್ಕ ಭಾಗವನ್ನೇ.

ನ್ಯಾನೋ ಯೂರಿಯಾ ಬಾಟಲಿಯ ಲೇಬಲ್ ಹೇಗೆ ಓದಬೇಕು?

ಅದೇ ಲೆಕ್ಕ. ಮೊದಲು ಬಂದ ನ್ಯಾನೋ ಯೂರಿಯಾದಲ್ಲಿ ಸಾರಜನಕ ಶೇ 4. ಅರ್ಧ ಲೀಟರ್ ಬಾಟಲಿಯಲ್ಲಿ 20 ಗ್ರಾಂ ಆಯಿತು. ಆಮೇಲೆ ಬಂದವುಗಳಲ್ಲಿ ಪ್ರಮಾಣ ಜಾಸ್ತಿ ಇದೆ, ಆದರೂ ಲೆಕ್ಕ ಗ್ರಾಂಗಳಲ್ಲೇ ನಿಲ್ಲುತ್ತದೆ. ಚೀಲದ ಯೂರಿಯಾದಲ್ಲಿ 20 ಕಿಲೋಗಿಂತ ಜಾಸ್ತಿ. ಎಲೆಗೆ ಸಿಂಪಡಿಸುವುದಕ್ಕೂ ಮಣ್ಣಿಗೆ ಹಾಕುವುದಕ್ಕೂ ವ್ಯತ್ಯಾಸ ಇದೆ, ನಿಜ. ಆದರೆ ಬುಡಕ್ಕೆ ಕೊಡುವ ಗೊಬ್ಬರವನ್ನು ಪೂರ್ತಿ ನಿಲ್ಲಿಸುವ ಮೊದಲು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಯೋಚಿಸಿ.

ಎರೆಗೊಬ್ಬರ, ಸಿಟಿ ಕಾಂಪೋಸ್ಟ್ ಚೀಲಗಳಿಗೂ ನಿಯಮ ಇದೆಯಾ?

ಇದೆ. ಎಫ್‌ಸಿಓದ ನಾಲ್ಕನೇ ಅನುಸೂಚಿ ಇದಕ್ಕೇ ಇರುವುದು. ಎರೆಗೊಬ್ಬರದಲ್ಲಿ ತೇವಾಂಶ ಶೇ 15ರಿಂದ 25ರ ಒಳಗಿರಬೇಕು. ಸಾರಜನಕ ಕನಿಷ್ಠ ಶೇ 1 ಇರಬೇಕು. ಬಣ್ಣ ಕಡುಕಂದಿನಿಂದ ಕಪ್ಪು. ಕೆಟ್ಟ ವಾಸನೆ ಇರಕೂಡದು. ನೂರಕ್ಕೆ ತೊಂಬತ್ತು ಭಾಗ 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು. ಸೀಸ, ಕ್ಯಾಡ್ಮಿಯಂನಂಥ ಭಾರ ಲೋಹಗಳಿಗೂ ಮಿತಿ ಇದೆ: ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ದಾಟಬಾರದು.

ತೇವಾಂಶದ ಅಂಕಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚೀಲದಲ್ಲಿ ಶೇ 40 ನೀರಿದ್ದರೆ ನೀವು ನೀರಿಗೆ ದುಡ್ಡು ಕೊಟ್ಟಂತೆ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಆ ಮಾಲು ಲೇಬಲ್‌ಗೆ ತಕ್ಕಂತೆ ಇಲ್ಲ.

ಸಿಟಿ ಕಾಂಪೋಸ್ಟ್ ವಿಷಯದಲ್ಲಿ ಭಾರ ಲೋಹಗಳ ಕಡೆ ಹೆಚ್ಚು ಗಮನ ಬೇಕು. ಊರಿನ ಕಸದಲ್ಲಿ ಬ್ಯಾಟರಿ, ಬಣ್ಣದ ಡಬ್ಬಿ ಎಲ್ಲ ಸೇರಿರುತ್ತವೆ ಅಲ್ವಾ? ಅದಕ್ಕೇ ಪಾದರಸ, ಆರ್ಸೆನಿಕ್‌ಗೂ ಮಿತಿ ಇಟ್ಟಿದ್ದಾರೆ. ಲೋಡುಗಟ್ಟಲೆ ತರಿಸುವವರು ಆ ಬ್ಯಾಚಿನ ಲ್ಯಾಬ್ ವರದಿ ಕೇಳಿ ಪಡೆಯಿರಿ.

ಜೀವಾಣು ಗೊಬ್ಬರದ ಪ್ಯಾಕೆಟ್‌ನಲ್ಲಿ ಏನು ನೋಡಬೇಕು?

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಯಾಕೆಂದರೆ ಇಲ್ಲಿ ನೀವು ಕೊಳ್ಳುತ್ತಿರುವುದು ಜೀವವನ್ನು. ಯೂರಿಯಾ ಗೋದಾಮಿನಲ್ಲಿ ಬಿಸಿಲು ತಿಂದರೂ ಯೂರಿಯಾವೇ. ಜೀವಾಣು ಸತ್ತರೆ ಉಳಿಯುವುದು ಬರೀ ಪುಡಿ.

ಬೇಳೆಕಾಳಿನ ಬೇರಿನಲ್ಲಿದ್ದು ಗಾಳಿಯ ಸಾರಜನಕ ಹಿಡಿದುಕೊಡುವ ಜೀವಾಣು ರೈಜೋಬಿಯಂ. ಅದರ ಪ್ಯಾಕೆಟ್ ಒಂದನ್ನು ಕೈಗೆತ್ತಿಕೊಳ್ಳಿ. ಮೊದಲ ಸಾಲಲ್ಲಿ ಜೀವಾಣುವಿನ ಹೆಸರು ಇರುತ್ತದೆ. ಅದರ ಜೊತೆಗೇ ಯಾವ ಬೆಳೆಗೆ ಎಂದು ಬರೆದಿರಬೇಕು. ಇದು ಸುಮ್ನೆ ಬರೆದದ್ದಲ್ಲ. ತೊಗರಿಯ ಬೇರಿಗೆ ಒಗ್ಗುವ ರೈಜೋಬಿಯಂ ಸೋಯಾ ಅವರೆಗೆ ಕೆಲಸ ಮಾಡುವುದಿಲ್ಲ. ಕಲಬುರಗಿ ಕಡೆ ತೊಗರಿಯನ್ನೂ ಬೀದರ್ ಕಡೆ ಸೋಯಾವನ್ನೂ ಜಾಸ್ತಿ ಬೆಳೆಯುತ್ತಾರೆ. ಅಂಗಡಿಯವರು "ಎಲ್ಲಾ ಬೇಳೆಕಾಳಿಗೂ ಆಗುತ್ತೆ" ಅಂದರೆ ಒಪ್ಪಬೇಡಿ.

ಮುಂದಿನದು ಜೀವಾಣುಗಳ ಸಂಖ್ಯೆ. ಪುಡಿಯಾದರೆ ಒಂದು ಗ್ರಾಂಗೆ ಕನಿಷ್ಠ 5 ಕೋಟಿ, ದ್ರವವಾದರೆ ಒಂದು ಮಿಲಿಲೀಟರ್‌ಗೆ ಕನಿಷ್ಠ 10 ಕೋಟಿ ಜೀವಂತ ಜೀವಾಣು ಇರಬೇಕು. ಪ್ಯಾಕೆಟ್ ಮೇಲೆ ಇದನ್ನು ಹತ್ತರ ಘಾತದಲ್ಲಿ ಬರೆದಿರುತ್ತಾರೆ: ಹತ್ತರ ಮೇಲೆ ಚಿಕ್ಕದಾಗಿ 7 ಅಥವಾ 8. ಆ ಚಿಕ್ಕ ಅಂಕಿ ಒಂದು ಕಡಿಮೆಯಾದರೆ ಜೀವಾಣು ಹತ್ತು ಪಟ್ಟು ಕಡಿಮೆ.

ಕೊನೆಗೆ ತಯಾರಿ ದಿನಾಂಕ ಮತ್ತು ಅವಧಿ ಮುಗಿಯುವ ದಿನಾಂಕ. ಅವಧಿ ಮುಗಿದದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ತಗೋಬೇಡಿ. ತಂಪಾದ ಜಾಗದಲ್ಲಿ, ನೇರ ಬಿಸಿಲು ಬೀಳದಂತೆ ಇಡಿ ಎಂದೂ ಅದರ ಮೇಲೇ ಬರೆದಿರುತ್ತದೆ. ಅಂಗಡಿಯಲ್ಲಿ ಆ ಪ್ಯಾಕೆಟ್ ತಗಡಿನ ಸೂರಿನ ಕೆಳಗೆ ಬಿಸಿಲಿಗೆ ಕೂತಿದ್ದರೆ ದಿನಾಂಕ ಸರಿ ಇದ್ದೂ ಪ್ರಯೋಜನ ಇಲ್ಲ.

ಟ್ರೈಕೋಡರ್ಮಾ ಕೂಡ ಜೀವಾಣು ಗೊಬ್ಬರವೇ ಅಲ್ವಾ?

ಅಲ್ಲ. ಅದೊಂದು ಶಿಲೀಂಧ್ರ. ಮಣ್ಣಿಗೇ ಹಾಕಿದರೂ ಅದರ ಕೆಲಸ ರೋಗ ತಡೆಯುವುದು. ಅಡಿಕೆ, ಮೆಣಸು, ಶುಂಠಿ ಬೆಳೆಯುವವರಿಗೆ ಇದು ಚೆನ್ನಾಗಿ ಗೊತ್ತು. ರೋಗಕ್ಕೆಂದು ಮಾರುವ ಟ್ರೈಕೋಡರ್ಮಾ, ಸ್ಯೂಡೋಮೊನಾಸ್ ಎರಡೂ ಕೀಟನಾಶಕ ಕಾಯ್ದೆಯಡಿ ಜೈವಿಕ ಪೀಡೆನಾಶಕಗಳು. ಹಾಗಾಗಿ ಪ್ಯಾಕೆಟ್ ಮೇಲೆ ನೋಂದಣಿ ಸಂಖ್ಯೆ, ಅವಧಿ ಮುಗಿಯುವ ದಿನ, ಮೂಲೆ ಕೆಳಗಾಗಿ ನಿಂತ ಚೌಕದ ಬಣ್ಣದ ಗುರುತು ಇರಬೇಕು.

ಆ ಬಣ್ಣಗಳ ಅರ್ಥ ಹೀಗೆ: ಕೆಂಪು ಅತ್ಯಂತ ವಿಷ, ಹಳದಿ ಹೆಚ್ಚು ವಿಷ, ನೀಲಿ ಮಧ್ಯಮ, ಹಸಿರು ಕಡಿಮೆ. ಹಸಿರು ಅಂದರೆ ವಿಷವೇ ಇಲ್ಲ ಎಂದಲ್ಲ. ಗೊಬ್ಬರ ಎಂದು ಕೊಟ್ಟ ಬಾಟಲಿಯ ಮೇಲೆ ಈ ಚೌಕ ಕಂಡರೆ ಅದು ಗೊಬ್ಬರ ಅಲ್ಲ. ಕೈಗವಸು, ಮುಖಕ್ಕೆ ಬಟ್ಟೆ ಇಲ್ಲದೆ ಮುಟ್ಟಬೇಡಿ.

ಹ್ಯೂಮಿಕ್ ಆಸಿಡ್, ಸೀವೀಡ್, ಅಮೈನೋ ಆಸಿಡ್ ಬಾಟಲಿಗಳನ್ನು ನಂಬಬಹುದಾ?

ಕೆಲವನ್ನು ನಂಬಬಹುದು. ಯಾವುದನ್ನು ಎಂದು ತಿಳಿಯಲು ಲೇಬಲ್ ಬಿಟ್ಟರೆ ಬೇರೆ ದಾರಿ ಇಲ್ಲ.

ಇವೆಲ್ಲ ಬಯೋಸ್ಟಿಮ್ಯುಲೆಂಟ್ ಗುಂಪಿಗೆ ಸೇರಿದವು. ಗಿಡ ಪೋಷಕಾಂಶ ಹೀರುವ ಶಕ್ತಿ, ಬರ ಬಿಸಿಲು ತಡೆಯುವ ಶಕ್ತಿ ಹೆಚ್ಚಿಸುವುದು ಇವುಗಳ ಕೆಲಸ. ಇವು ಗೊಬ್ಬರಕ್ಕೆ ಬದಲಿ ಅಲ್ಲ, ಔಷಧವೂ ಅಲ್ಲ. ವರ್ಷಗಟ್ಟಲೆ ಇವಕ್ಕೆ ಹೇಳುವವರು ಕೇಳುವವರು ಇರಲಿಲ್ಲ. ಯಾವ ಕಾನೂನಿಗೂ ಸಿಗದೆ ಮಾರಾಟವಾಗುತ್ತಿದ್ದವು. 2021ರಲ್ಲಿ ಎಫ್‌ಸಿಓಗೆ ಸೇರಿಸಿದಾಗ ಕಂಪನಿಗಳಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟು ಸಮಯ ಕೊಟ್ಟರು. ಆ ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿ, ಕೊನೆಗೆ 2025ರ ಜೂನ್ 16ಕ್ಕೆ ಮುಗಿಸಿದರು. ಮೊದಲು ಸುಮಾರು 30,000 ಇಂಥ ಉತ್ಪನ್ನಗಳು ಲಂಗುಲಗಾಮಿಲ್ಲದೆ ಮಾರಾಟವಾಗುತ್ತಿದ್ದವು, ಬಿಗಿ ಮಾಡಿದ ಮೇಲೆ ಸುಮಾರು 650ಕ್ಕೆ ಇಳಿದವು ಎಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಆ ಜುಲೈನಲ್ಲಿ ಹೇಳಿದರು. ಅಷ್ಟು ವರ್ಷ ರೈತರು ಯಾವುದಕ್ಕೆ ದುಡ್ಡು ಸುರಿದರು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗ ನೋಡಬೇಕಾದದ್ದು: ಬಾಟಲಿ ಮೇಲೆ ಬಯೋಸ್ಟಿಮ್ಯುಲೆಂಟ್ ಎಂಬ ಪದ, ಒಳಗಿರುವ ವಸ್ತುವಿನ ಹೆಸರು ಮತ್ತು ಶೇಕಡಾ ಪ್ರಮಾಣ, ಯಾವ ಬೆಳೆಗೆ, ಎಷ್ಟು ಪ್ರಮಾಣ. ಸರ್ಕಾರ ಒಪ್ಪಿಗೆ ಕೊಡುವ ಅಧಿಸೂಚನೆಯಲ್ಲಿ ಉತ್ಪನ್ನದ ಜೊತೆ ಬೆಳೆಯ ಹೆಸರೂ ಇರುತ್ತದೆ. ಟೊಮೆಟೊಗೆ ಒಪ್ಪಿಗೆ ಪಡೆದದ್ದನ್ನು ಅಡಿಕೆಗೆ ಹಾಕಿ ಎಂದು ಕೊಟ್ಟರೆ ಅದಕ್ಕೆ ಆಧಾರ ಇಲ್ಲ. ಇನ್ನೊಂದು ನಿಯಮವೂ ಇದೆ. ಇವುಗಳಲ್ಲಿ ಕೀಟನಾಶಕದ ಅಂಶ 0.01 ಪಿಪಿಎಂಗಿಂತ, ಅಂದರೆ ಕಿಲೋಗೆ 0.01 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು. ಹುಳವೂ ಸಾಯುತ್ತದೆ, ಗಿಡವೂ ಚಿಗುರುತ್ತದೆ ಎಂದು ಒಂದೇ "ಟಾನಿಕ್" ಮಾರಿದರೆ, ಒಳಗೆ ಹೇಳದೆ ಬೆರೆಸಿದ ಔಷಧ ಇರುವ ಸಾಧ್ಯತೆ ಇದೆ. ಹಣ್ಣು ತರಕಾರಿ ರಫ್ತು ಮಾಡುವವರಿಗೆ ಇದು ದೊಡ್ಡ ಅಪಾಯ. ಅಂಥದ್ದು ಮುಟ್ಟಲೇಬೇಡಿ.

"ಸಾವಯವ" ಎಂದು ಬರೆದಿದ್ದರೆ ಸಾವಯವ ಕೃಷಿಗೆ ಬಳಸಬಹುದಾ?

ಅಷ್ಟರಿಂದಲೇ ಆಗದು. ಎಫ್‌ಸಿಓದಲ್ಲಿ ಸಾವಯವ ಗೊಬ್ಬರ ಅಂದರೆ ಗಿಡ ಅಥವಾ ಪ್ರಾಣಿ ಮೂಲದ ವಸ್ತುವನ್ನು ಕೊಳೆಸಿ ಮಾಡಿದ್ದು. ಸಾವಯವ ಪ್ರಮಾಣಪತ್ರ ಬೇರೆಯೇ ವ್ಯವಸ್ಥೆ. ನಿಮ್ಮ ತೋಟಕ್ಕೆ ಪ್ರಮಾಣಪತ್ರ ಇದ್ದರೆ, ಕೊಳ್ಳುವ ಮೊದಲು ಲೇಬಲ್ಲಿನ ಫೋಟೋವನ್ನು ನಿಮ್ಮ ಪ್ರಮಾಣೀಕರಣ ಸಂಸ್ಥೆಗೆ ಕಳಿಸಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ. "ಜೈವಿಕ್ ಭಾರತ್" ಗುರುತು ಆಹಾರ ಪದಾರ್ಥಗಳಿಗೆ ಇರುವುದು. ಗೊಬ್ಬರದ ಚೀಲದ ಮೇಲೆ ಅದು ಕಂಡರೆ ಅನುಮಾನ ಪಡಿ.

ಸುಣ್ಣ, ಜಿಪ್ಸಂ ಕೊಳ್ಳುವಾಗ?

ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಸುಣ್ಣ. ತುಂಗಭದ್ರಾ ಅಚ್ಚುಕಟ್ಟಿನಂಥ ಕಡೆಯ ಕ್ಷಾರ ಮಣ್ಣಿಗೆ ಜಿಪ್ಸಂ. ಇವುಗಳಲ್ಲಿ ಶುದ್ಧತೆಯ ಶೇಕಡಾ ಮತ್ತು ಪುಡಿ ಎಷ್ಟು ನಯ ಎಂಬ ಎರಡು ವಿಷಯ ಸಾಕು. ದಪ್ಪ ಹರಳಿನ ಸುಣ್ಣ ಮಣ್ಣಲ್ಲಿ ಬೇಗ ಕೆಲಸ ಮಾಡದು. ಮಣ್ಣು ಪರೀಕ್ಷೆ ಮಾಡಿಸದೆ ಎರಡನ್ನೂ ಹಾಕಬೇಡಿ.

ತಾರಸಿ ತೋಟಕ್ಕೆ ಆನ್‌ಲೈನ್‌ನಲ್ಲಿ ಕೋಕೋಪೀಟ್, ಪಾಟಿಂಗ್ ಮಿಕ್ಸ್ ತರಿಸುತ್ತೇವೆ. ನಮಗೂ ನಿಯಮ ಇದೆಯಾ?

ಪೊಟ್ಟಣ ಸಾಮಗ್ರಿ ನಿಯಮ ನಿಮ್ಮ ಬೆನ್ನಿಗಿದೆ. ತಯಾರಕರ ವಿಳಾಸ, ನಿವ್ವಳ ಪ್ರಮಾಣ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಹಕ ಸಂಪರ್ಕ, ಆಮದಾದರೆ ಯಾವ ದೇಶದ್ದು ಎಂಬುದು ಆನ್‌ಲೈನ್ ಪುಟದಲ್ಲೂ ಕಾಣಬೇಕು.

ಕೋಕೋಪೀಟ್, ಅಂದರೆ ಒತ್ತಿ ಇಟ್ಟಿಗೆ ಮಾಡಿದ ತೆಂಗಿನ ನಾರಿನ ಪುಡಿಯ ಮೇಲೆ ಉಪ್ಪಿನಂಶದ ಅಂಕಿ ಇದೆಯಾ ನೋಡಿ. ಅದನ್ನು ಇಸಿ ಎಂದು ಬರೆಯುತ್ತಾರೆ. ತೊಳೆದ ಮಾಲಿನಲ್ಲಿ 0.5ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. ಅಂಕಿ ಬರೆಯದ ಇಟ್ಟಿಗೆಯಾದರೆ ಎರಡು ಮೂರು ಸಲ ನೀರಲ್ಲಿ ತೊಳೆದು ಬಳಸಿ. ಪಾಟಿಂಗ್ ಮಿಕ್ಸ್‌ನಲ್ಲಿ ಏನೇನು ಎಷ್ಟೆಷ್ಟು ಸೇರಿಸಿದ್ದಾರೆ ಎಂದು ಬರೆಯದಿದ್ದರೆ ಬಿಟ್ಟುಬಿಡಿ.

ಲೇಬಲ್ ಕನ್ನಡದಲ್ಲಿ ಇರಬೇಕಲ್ಲವೇ?

ನ್ಯಾಯವಾಗಿ ಇರಬೇಕು. ಆದರೆ ಪೊಟ್ಟಣ ನಿಯಮದ ಪ್ರಕಾರ ವಿವರಗಳು ಹಿಂದಿ ಅಥವಾ ಇಂಗ್ಲಿಷ್‌ನಲ್ಲಿದ್ದರೆ ಸಾಕು, ಬೇರೆ ಭಾಷೆಯನ್ನು ಜೊತೆಗೆ ಸೇರಿಸಬಹುದು ಅಷ್ಟೆ. ಕೀಟನಾಶಕ ನಿಯಮ ಈ ವಿಷಯದಲ್ಲಿ ಮೇಲು. ಅಲ್ಲಿ ಪ್ರಾದೇಶಿಕ ಭಾಷೆಯಲ್ಲೂ ಮುದ್ರಿಸಬೇಕು, ಒಳಗೊಂದು ಕರಪತ್ರ ಇಡಬೇಕು. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, ಕರ್ನಾಟಕದಲ್ಲಿ ತಯಾರಾಗಿ ಇಲ್ಲೇ ಮಾರುವ ವಸ್ತುಗಳ ಹೆಸರು ಮತ್ತು ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು ಹೇಳುತ್ತದೆ. ಎಕರೆಗೆ ಎಷ್ಟು ಹಾಕಬೇಕು ಎಂಬುದು ಹಾಕುವವನಿಗೆ ಓದಲು ಬಾರದ ಭಾಷೆಯಲ್ಲಿದ್ದರೆ ಆ ಲೇಬಲ್ ಇದ್ದೂ ಇಲ್ಲದಂತೆ. ಕನ್ನಡ ಇರುವ ಪ್ಯಾಕೆಟ್ಟನ್ನೇ ಕೇಳಿ ತೆಗೆದುಕೊಳ್ಳಿ.

ಐದು ಕಿಲೋ ಯೂರಿಯಾ ಬಿಡಿಯಾಗಿ ಕೊಟ್ಟರು. ಅದು ತಪ್ಪಾ?

ತಪ್ಪಲ್ಲ. ಒಂದೊಂದು ಬಗೆಯ ಗೊಬ್ಬರದ ಒಂದೇ ಒಂದು ಚೀಲವನ್ನು ಬಿಚ್ಚಿಟ್ಟು ಬಿಡಿಯಾಗಿ ಮಾರಲು ಚಿಲ್ಲರೆ ಅಂಗಡಿಗೆ ಅವಕಾಶ ಇದೆ. ಒಂದೇ ಗೊಬ್ಬರದ ನಾಲ್ಕೈದು ಚೀಲ ಬಾಯಿ ತೆರೆದು ಕೂತಿದ್ದರೆ ಕೇಳಿ.

ಚೀಲದ ಮೇಲೆ ಕೆಂಪು ಅಕ್ಷರದಲ್ಲಿ ಏನೋ ಬರೆದು ಗುಣಿಸು ಚಿಹ್ನೆ ಹಾಕಿದ್ದಾರೆ. ಏನದು?

ಅದು ಗುಣಮಟ್ಟದಲ್ಲಿ ಸೋತ ಗೊಬ್ಬರ. ಅಂಥ ಚೀಲದ ಮೇಲೆ ಕೆಂಪು ಬಣ್ಣದಲ್ಲಿ "ನಾನ್ ಸ್ಟ್ಯಾಂಡರ್ಡ್" ಎಂದು ಬರೆದು ಆ ಚಿಹ್ನೆ ಹಾಕಬೇಕು ಎಂಬುದು ನಿಯಮ. ಅದು ಮಿಶ್ರಗೊಬ್ಬರ ತಯಾರಕರಿಗೆ, ಸಂಶೋಧನಾ ತೋಟಗಳಿಗೆ ಹೋಗಬೇಕಾದ ಮಾಲು. ರೈತರಿಗೆ ಮಾರುವಂತಿಲ್ಲ.

ಯೂರಿಯಾ ಬೇಕಾದರೆ ಈ ಬಾಟಲಿಯನ್ನೂ ತಗೊಳ್ಳಿ ಅಂತಾರೆ. ಏನು ಮಾಡಲಿ?

ಇದು "ಲಿಂಕ್" ಕೊಡುವ ಚಾಳಿ. ಯೂರಿಯಾಗೆ ಬೇರೆ ಮಾಲು ಗಂಟು ಹಾಕಿ ಮಾರುವಂತಿಲ್ಲ. ಅಂಗಡಿಯಲ್ಲಿ ದಾಸ್ತಾನು ಎಷ್ಟಿದೆ, ದರ ಎಷ್ಟು ಎಂಬ ಬೋರ್ಡು ಇರಲೇಬೇಕು. ಬಿಲ್ಲು ಕೊಡಲೇಬೇಕು. ಬೇಡದ ಬಾಟಲಿ ತೆಗೆದುಕೊಳ್ಳಲೇಬೇಕಾದ ಸ್ಥಿತಿ ಬಂದರೆ ಅದನ್ನೂ ಬಿಲ್ಲಿನಲ್ಲಿ ಬರೆಸಿ. ಬರೆಯಲು ಒಪ್ಪದವರು ಬಹುತೇಕ ಅಲ್ಲೇ ಹಿಂದೆ ಸರಿಯುತ್ತಾರೆ.

ಗೊಬ್ಬರ ನಕಲಿ ಅನಿಸಿದರೆ ಎಲ್ಲಿ ದೂರು ಕೊಡಬೇಕು?

ಮೊದಲು ಬಳಸುವುದನ್ನು ನಿಲ್ಲಿಸಿ. ಬಿಚ್ಚದ ಚೀಲ ಒಂದಾದರೂ ಹಾಗೇ ಇರಲಿ. ಬಿಚ್ಚಿದ ಚೀಲದ ಮಾಲು ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ಲೇಬಲ್ಲಿನ ನಾಲ್ಕೂ ಬದಿ, ಬ್ಯಾಚ್ ನಂಬರ್, ಹೊಲಿಗೆ, ಬಿಲ್ಲು ಎಲ್ಲದರ ಫೋಟೋ ತೆಗೆಯಿರಿ.

ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ರಸಗೊಬ್ಬರ ಪರಿವೀಕ್ಷಕರಿಗೆ ಅಂಗಡಿಯ ಅದೇ ಬ್ಯಾಚಿನಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವ, ಮಾರಾಟ ತಡೆಯುವ ಅಧಿಕಾರ ಇದೆ. ತೂಕ, ಎಂಆರ್‌ಪಿ ಮೋಸವಾದರೆ ಕಾನೂನು ಮಾಪನಶಾಸ್ತ್ರ ಇಲಾಖೆ. ಸಲಹೆಗೆ ಕಿಸಾನ್ ಕಾಲ್ ಸೆಂಟರ್ 1800-180-1551, ಗ್ರಾಹಕ ಸಹಾಯವಾಣಿ 1915. ಅಗತ್ಯ ವಸ್ತುಗಳ ಕಾಯ್ದೆಯಡಿ ಅಪರಾಧ ಸಾಬೀತಾದರೆ ಏಳು ವರ್ಷದವರೆಗೆ ಜೈಲು ಆಗಬಹುದು.

ಕೆಲವರು ಡಿಎಪಿಗೆ ಅಂಗೈಯಲ್ಲಿ ಸುಣ್ಣ ಬೆರೆಸಿ ಉಜ್ಜಿ ನೋಡುತ್ತಾರೆ. ಮೂಗಿಗೆ ಅಡರುವ ಅಮೋನಿಯಾ ಘಾಟು ಬಂದರೆ ಸರಿ ಎಂದು. ಒಳ್ಳೆಯ ಮೊದಲ ಪರೀಕ್ಷೆ ಅದು. ಆದರೆ ಶೇ 46 ರಂಜಕ ಇದೆಯೋ ಇಲ್ಲವೋ ಎಂಬುದನ್ನು ಲ್ಯಾಬ್ ಮಾತ್ರ ಹೇಳಬಲ್ಲದು.

ನಮ್ಮ ಮಹಿಳಾ ಸಂಘ ಎರೆಗೊಬ್ಬರ ಮಾಡಿ ಮಾರಬೇಕೆಂದಿದೆ. ಲೇಬಲ್ ಹೇಗಿರಬೇಕು?

ತುಂಬ ಸಂತೋಷ. ನಿಮ್ಮ ಹೊಲಕ್ಕೇ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಚೀಲ ಕಟ್ಟಿ ಮಾರುವುದಾದರೆ ಲೇಬಲ್ ಅಚ್ಚು ಹಾಕಿಸುವ ಮೊದಲೇ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ ಹೋಗಿ, ನಿಮ್ಮ ಉತ್ಪಾದನೆಯ ಪ್ರಮಾಣ ಹೇಳಿ ಯಾವ ಯಾವ ಪತ್ರ ಬೇಕೆಂದು ಕೇಳಿ. ಮಾದರಿಯನ್ನು ಲ್ಯಾಬಿಗೆ ಕೊಟ್ಟು ಬಂದ ಅಂಕಿಗಳನ್ನೇ ಚೀಲದ ಮೇಲೆ ಹಾಕಿ. ಬೇರೆಯವರ ಚೀಲ ನೋಡಿ ಅಂಕಿ ನಕಲು ಮಾಡಬೇಡಿ. ಸಗಣಿ, ಕಸ, ಎರೆಹುಳ ಬದಲಾದ ಹಾಗೆ ಗೊಬ್ಬರದ ಸತ್ವವೂ ಬದಲಾಗುತ್ತದೆ. ಪ್ರತಿ ಬ್ಯಾಚಿಗೂ ನಂಬರ್ ಕೊಟ್ಟು, ಯಾವ ತೊಟ್ಟಿಯಿಂದ ಯಾವ ದಿನ ತೆಗೆದದ್ದು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಜರಡಿ ಹಿಡಿದು, ನೆರಳಲ್ಲಿ ಆರಿಸಿ, ಆಮೇಲೆ ತೂಕ ಹಾಕಿ. ತೇವ ಜಾಸ್ತಿ ಇರುವಾಗ ಕಟ್ಟಿದ ಚೀಲ ಅಂಗಡಿಯಲ್ಲಿ ಒಣಗಿ ತೂಕ ಕಳೆದುಕೊಳ್ಳುತ್ತದೆ, ಆಗ ಲೇಬಲ್ ಮೇಲಿನ ನಿವ್ವಳ ತೂಕಕ್ಕೆ ನೀವೇ ಹೊಣೆ.